ನಮ್ಮ ಹೆಬ್ಬೆಟ್ಟು, ನಮ್ಮ ರೊಕ್ಕ



ಓದು ಬಾರದಾಗ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಅಕ್ಷರ ಕಲಿತೆವು. ಈಗ ಸಹಿ ಮಾಡುತ್ತೇವೆ. ಆದರೂ ಹೆಬ್ಬೆಟ್ಟು ನಮ್ಮನ್ನು ಬಿಟ್ಟಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಊರಲ್ಲೇ ಬ್ಯಾಂಕಿನ ರೊಕ್ಕ ತೆಗೆಯಲೂ ಒತ್ತಬೇಕು. ಓದಿದವರೂ ಒತ್ತಬೇಕು.

ಹೆಬ್ಬೆಟ್ಟು ಈಗ ತಿಜೋರಿಯ ಕೀಲಿಕೈ ಇದ್ದಂತೆ. ಕೀಲಿಕೈಯನ್ನು ಕಂಡವರ ಕೈಗೆ ಕೊಡುತ್ತೇವೆಯೇ?

ಪಾಮನಕಲ್ಲೂರಿನ ಒಂದು ಮನೆ ಅಂದುಕೊಳ್ಳಿ. ಅತ್ತೆ ರೊಕ್ಕ ತೆಗೆಸಿಕೊಂಡು ಬಂದಿದ್ದಾಳೆ. ಸೊಸೆ ಹೊಸದಾಗಿ ಓದು ಕಲಿತವಳು.

"ಅತ್ತಿ, ಗೃಹಲಕ್ಷ್ಮಿ ರೊಕ್ಕ ಬಂತೇನ್ರಿ?"

"ಎರಡು ಸಾವಿರ ಕೊಟ್ಟನವ್ವಾ. ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡ."

"ಎರಡು ಸಲ ಯಾಕ್ರಿ?"

"ಮೊದಲನೇದು ಆಗಲಿಲ್ಲ, ಸರ್ವರ್ ಇಲ್ಲ ಅಂದ."

"ಚೀಟಿ ಕೊಟ್ಟನೇನ್ರಿ?"

"ಚೀಟಿ ಯಾಕವ್ವಾ? ನನಗ ಓದಾಕ ಬರತೈತೇನು?"

"ನನಗ ಬರತೈತಲ್ರಿ. ನಡೀರಿ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸೋಣ."

ಪಾಸ್‌ಬುಕ್ಕಿನಲ್ಲಿ ಸೊಸೆ ಓದಿದಳು. ಒಂದೇ ದಿನ ಎರಡು ಸಲ ಎರಡೆರಡು ಸಾವಿರ ತೆಗೆದಿತ್ತು. ಅತ್ತೆಯ ಕೈಗೆ ಬಂದದ್ದು ಒಂದೇ ಸಲದ್ದು.

ಮೋಸ ಹೇಗೆ ಆಗುತ್ತದೆ?

ಆ ಚಿಕ್ಕ ಯಂತ್ರಕ್ಕೆ ಮೂರು ಸಾಕು. ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಿನ ಗುರುತು. ಎಟಿಎಂ ಕಾರ್ಡು ಬೇಡ. ಒಟಿಪಿ ಬೇಡ. ಒಂದು ಸಲ ಒತ್ತಿದರೆ 10,000 ರೂಪಾಯಿವರೆಗೆ ತೆಗೆಯಬಹುದು.

ನಾವು ಬೆರಳು ಒತ್ತದಿದ್ದರೂ ಮೋಸ ಆಗಬಹುದು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಹೀಗೆ ಆಯಿತು. ಆಸ್ತಿ ನೋಂದಣಿ ಕಾಗದದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಕಳ್ಳರು ಕದ್ದರು. ಅದರಿಂದ ನಕಲಿ ಬೆರಳಚ್ಚು ಮಾಡಿ ರೊಕ್ಕ ತೆಗೆದರು. ಕಳೆದುಕೊಂಡವರಲ್ಲಿ ಓದು ಬಲ್ಲವರೂ ಇದ್ದರು. ಆದ್ದರಿಂದ ಮೋಸ ಹೋದರೆ ನಾಚಿಕೆ ಬೇಡ. ಮುಚ್ಚಿಡುವುದೂ ಬೇಡ.

ಮೊದಲೇ ಎಚ್ಚರ

1. ಯಾತಕ್ಕೆ ಹೆಬ್ಬೆಟ್ಟು ಎಂದು ಕೇಳಿ. ಯಂತ್ರದಲ್ಲಿ ಎಷ್ಟು ರೂಪಾಯಿ ಇದೆ, ಓದಿ. ಆಮೇಲೆ ಒತ್ತಿ.

2. "ಆಗಲಿಲ್ಲ, ಮತ್ತೊಮ್ಮೆ ಒತ್ತಿ" ಅಂದರೆ, ಆಗಲಿಲ್ಲ ಎಂಬ ಚೀಟಿ ಕೇಳಿ.

3. ಪ್ರತಿ ಸಲ ಚೀಟಿ ಪಡೆಯಿರಿ. ತೆಗೆದದ್ದು ಎಷ್ಟು, ಉಳಿದದ್ದು ಎಷ್ಟು ನೋಡಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಸಿ.

4. ಆಧಾರ್ ಜೆರಾಕ್ಸ್ ಕೊಡುವಾಗ ಅದರ ಮೇಲೆ ಬರೆಯಿರಿ: "ಸಂಘದ ಸಾಲಕ್ಕೆ ಮಾತ್ರ." ತಾರೀಖು ಹಾಕಿ, ಸಹಿ ಮಾಡಿ. ಆಗ ಅದೇ ಜೆರಾಕ್ಸಿನಿಂದ ನಿಮ್ಮ ಹೆಸರಲ್ಲಿ ಬೇರೆ ಸಾಲ ಎತ್ತುವುದು ಕಷ್ಟ.

5. ಫೋನಿನಲ್ಲಿ ಯಾರು ಕೇಳಿದರೂ ಒಟಿಪಿ ಹೇಳಬೇಡಿ. ಬ್ಯಾಂಕಿನವರು ಅದನ್ನು ಕೇಳುವುದಿಲ್ಲ.

6. ಬೆರಳಿನ ಗುರುತಿಗೆ ಕೀಲಿ ಹಾಕಬಹುದು. ಆಧಾರಕ್ಕೆ ನಿಮ್ಮ ಮೊಬೈಲ್ ನಂಬರು ಜೋಡಿಸಿರಬೇಕು. 1947ಕ್ಕೆ ಫೋನ್ ಮಾಡಿ ಕೇಳಿ. ಕೀಲಿ ಹಾಕಿದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯುವುದಿಲ್ಲ. ಹೋಗುವ ಮುಂಚೆ ಕೀಲಿ ತೆಗೆಯಬೇಕು.

ರೊಕ್ಕ ಹೋದರೆ ಏನು ಮಾಡಬೇಕು?

ಮೊದಲು 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಮೋಸದ ದೂರಿನ ನಂಬರು. ಬೇಗ ಹೇಳಿದರೆ ರೊಕ್ಕ ಮುಂದೆ ಸಾಗದಂತೆ ತಡೆಯಬಹುದು. ಅವರು ಕೊಡುವ ದೂರಿನ ನಂಬರು ಬರೆದುಕೊಳ್ಳಿ.

ಅದೇ ದಿನ ಬ್ಯಾಂಕಿಗೆ ಹೋಗಿ. ಬಾಯಿಮಾತು ಸಾಲದು. ಅರ್ಜಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಸಿಕ್ಕಾ ಹಾಕಿಸಿಕೊಳ್ಳಿ. ಬೇರೆ ಯಾರೋ ಕದ್ದಾಗ, ಸುದ್ದಿ ತಿಳಿದು ಮೂರು ಕೆಲಸದ ದಿನದೊಳಗೆ ಹೇಳಿದರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿತು. ಹೀಗಾಗಿ ತಡ ಮಾಡಬೇಡಿ.

ಪೊಲೀಸ್ ಠಾಣೆಗೂ ದೂರು ಕೊಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗುತ್ತದೆ.

ಬ್ಯಾಂಕು 30 ದಿನದಲ್ಲಿ ಪರಿಹಾರ ಕೊಡದಿದ್ದರೆ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಫೀಸು ಇಲ್ಲ. ಹೇಗೆ ಎಂದು 14448ಕ್ಕೆ ಕೇಳಿ.

ಅರ್ಜಿ ಹೀಗೆ ಬರೆಯಿರಿ

ಬ್ಯಾಂಕ್ ಮ್ಯಾನೇಜರ್ ಅವರಿಗೆ,

ನನ್ನ ಹೆಸರು ........ ಊರು ಪಾಮನಕಲ್ಲೂರು, ತಾಲೂಕು ಮಸ್ಕಿ. ಖಾತೆ ನಂಬರು ........ ತಾರೀಖು ........ ರಂದು ನನ್ನ ಖಾತೆಯಿಂದ ........ ರೂಪಾಯಿ ಹೋಗಿದೆ. ಈ ರೊಕ್ಕ ನಾನು ತೆಗೆದಿಲ್ಲ. 1930ಕ್ಕೆ ದೂರು ಕೊಟ್ಟಿದ್ದೇನೆ. ದೂರಿನ ನಂಬರು ........ ವಿಚಾರಣೆ ಮಾಡಿ ನನ್ನ ರೊಕ್ಕ ನನಗೆ ಕೊಡಿಸಿರಿ.

ಸಹಿ ........

ಅರ್ಜಿಯ ಕೆಳಗೆ ಹೆಬ್ಬೆಟ್ಟು ಬೇಡ. ನಿಮ್ಮ ಹೆಸರು ನೀವೇ ಬರೆಯಿರಿ.

ಓದಿ, ಉತ್ತರ ಹೇಳಿ

1. ರೊಕ್ಕ ತೆಗೆಯುವ ಯಂತ್ರಕ್ಕೆ ಯಾವ ಮೂರು ಬೇಕು?

2. ಸೊಸೆಗೆ ಮೋಸ ಹೇಗೆ ತಿಳಿಯಿತು?

3. ಮೊದಲು ಯಾವ ನಂಬರಿಗೆ ಫೋನ್ ಮಾಡಬೇಕು?

ಮಾಡಿ ನೋಡಿ

1930, 1947, 14448. ಈ ಮೂರು ನಂಬರು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ನಿಮ್ಮ ಪಾಸ್‌ಬುಕ್ ತೆಗೆದು ಕೊನೆಯ ಸಾಲು ಓದಿ. ಓದು ಬಾರದ ನೆರೆಮನೆಯವರ ಪಾಸ್‌ಬುಕ್ಕನ್ನೂ ಅವರಿಗೆ ಓದಿ ಹೇಳಿ.