ಹಸಿರು ಗೋಳಗಳು: ಅಡಿಕೆಯಿಂದ ಯುರೇನಸ್‌ವರೆಗೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅಭ್ಯರ್ಥಿಗೆ ಹಸಿರು ಗೋಳವೆಂದೊಡನೆ ಸ್ಮರಣೆಗೆ ಬರುವುದು ಅಡಿಕೆಯ ಗೊನೆಯೇ ಆದುದರಿಂದ, ಅಲ್ಲಿಂದಲೇ ಆರಂಭಿಸುವುದು ಉಚಿತವು.

1. ಅಡಿಕೆ: ಬಲಿತೂ ಹಣ್ಣಾಗದ ಹಸಿರುಕಾಯನ್ನು ಸುಲಿದು, ಚೊಗರು ಬೆರೆತ ನೀರಿನ ಹಂಡೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣನ್ನು ಸಿಪ್ಪೆಸಹಿತ ಬಿಸಿಲಿನಲ್ಲೊಣಗಿಸಿ ಸುಲಿದರೆ ಚಾಲಿ. ಮುಖ್ಯ ಆಲ್ಕಲಾಯ್ಡ್: ಅರೆಕೊಲಿನ್.

2. ಬಟಾಣಿ (ಮೆಂಡಲ್, 1866): ಬೀಜದಲ್ಲಿ ಹಳದಿ ಪ್ರಬಲ, ಹಸಿರು ದುರ್ಬಲ. ಗಮನಿಸಿ: ಕಾಯಿಯಲ್ಲಿ ಹಸಿರೇ ಪ್ರಬಲ.

3. ವಾಲ್ವಾಕ್ಸ್: ಸಿಹಿನೀರಿನ ಗೋಳಾಕಾರದ ಹಸಿರು ಶೈವಲಸಮೂಹ, 1700ರಲ್ಲಿ ಲೇವೆನ್‌ಹುಕ್ ವರ್ಣಿಸಿದನು. ಭೇದ: ಕ್ಲೋರೆಲ್ಲಾ ಏಕಕೋಶಿ.

4. ಗ್ರಹ: ನವಗ್ರಹಗಳಲ್ಲಿ ಬುಧನ ವರ್ಣ ಹಸಿರು, ರತ್ನ ಪಚ್ಚೆ. ಗೊಂದಲ ಬೇಡ: ಖಗೋಳವಿಜ್ಞಾನದಲ್ಲಿ ಹಸಿರುನೀಲಿಯಾಗಿ ತೋರುವುದು ಯುರೇನಸ್, ಕಾರಣ, ಅದರ ವಾತಾವರಣದ ಮೀಥೇನ್ ಕೆಂಪು ಬೆಳಕನ್ನು ಹೀರುವುದು.

5. ಸಂಕೇತ: ಹಸಿರು ಚೌಕದೊಳಗಿನ ಹಸಿರು ವೃತ್ತ, ಸಸ್ಯಾಹಾರ.