ಹೊಳೆಯ ಜಾಡಿನಲ್ಲಿ ಐದು ದಿನ

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಆಂಧ್ರಪ್ರದೇಶದ ಗಡಿಗೆ ಸಮೀಪವಾದ ಗ್ರಾಮ. ಅಲ್ಲಿನ ಜನ ಕನ್ನಡ, ತೆಲುಗು ಎರಡನ್ನೂ ಆಡಬಲ್ಲರು. ತೆಲುಗಿನಲ್ಲಿ ‘ಚೆರುವು’ ಎಂದರೆ ಕೆರೆ. ಊರ ಹೆಸರಿನ ಕೊನೆಯಲ್ಲಿ ಆ ಮಾತಿನ ದನಿ ಕೇಳಿಸುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಜನರು ಮೊದಲು ನೆನೆದುದು ನೀರನ್ನು ಎಂಬುದಕ್ಕೆ ಇಂಥ ಹೆಸರುಗಳೇ ಸಾಕ್ಷಿ.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಯೂರೋಪಿನ ನದಿಗಳ ಪಾಠ ನಡೆಯುತ್ತಿತ್ತು. ಉಪಾಧ್ಯಾಯರು ಡ್ಯಾನ್ಯೂಬ್ ನದಿಯ ವಿಷಯವನ್ನು ಹೇಳುತ್ತಿದ್ದರು. ಹಿಂದಿನ ಕಾಲದಲ್ಲಿ ಆ ನದಿಯ ಹರಿವಿಗೆ ಎದುರಾಗಿ ದೋಣಿಗಳನ್ನು ಸಾಗಿಸಬೇಕಾದರೆ ದಡದ ಮೇಲೆ ಕುದುರೆಗಳನ್ನು ನಡೆಸಿ, ಹಗ್ಗದಿಂದ ಎಳೆಸುತ್ತಿದ್ದರು. ಹಾಗೆ ಕುದುರೆಗಳು ನಡೆದು ಸವೆದ ದಾರಿಯು ನದಿಯುದ್ದಕ್ಕೂ ಇತ್ತು. ಉಗಿಯಂತ್ರದ ಹಡಗುಗಳು ಬಂದ ಮೇಲೆ ಆ ದಾರಿಯಿಂದ ಪ್ರಯೋಜನವಿಲ್ಲದಂತಾಯಿತು. ಆದರೆ ಅಲ್ಲಿನ ಜನ ಅದನ್ನು ಹಾಳುಗೆಡವಲಿಲ್ಲ. ಸೈಕಲ್ ಸವಾರರಿಗೆ ಬಿಟ್ಟುಕೊಟ್ಟರು. ಇಂದು ಜರ್ಮನಿಯ ಪಾಸೌ ನಗರದಿಂದ ಆಸ್ಟ್ರಿಯದ ವಿಯೆನ್ನಾದವರೆಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರುಗಳ ಪ್ರಯಾಣವನ್ನು ಬಹುಮಟ್ಟಿಗೆ ಮೋಟಾರು ವಾಹನಗಳ ಕಾಟವಿಲ್ಲದೆ ಸೈಕಲ್ಲಿನ ಮೇಲೆ ಮಾಡಬಹುದು. ನಡುವೆ ವಾಖೌ ಎಂಬ ಕಣಿವೆ. ಎರಡು ಮಗ್ಗುಲಿನ ಗುಡ್ಡಗಳಲ್ಲಿ ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ದ್ರಾಕ್ಷಿಯ ತೋಟಗಳು. ತುದಿಯಲ್ಲಿ ಹಳೆಯ ಕೋಟೆಗಳು. ಅಲ್ಲಿನ ಡ್ಯುರ್ನ್‌ಸ್ಟೈನ್ ಕೋಟೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡನು 1192ರ ಕೊನೆಯಲ್ಲಿ ಸೆರೆಯಲ್ಲಿದ್ದನು.

ಪಾಠ ಮುಗಿದ ಮೇಲೆ ಬಾಲಕಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮಲ್ಲಿಯೂ ಹೊಳೆಯಿದೆ, ಕೋಟೆಗಳಿವೆ. ಅಂಥ ದಾರಿ ಮಾತ್ರ ನಮ್ಮಲ್ಲೇಕಿಲ್ಲ?” ಎಂದು ಕೇಳಿದಳು.

ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲವೆಂದು ಯಾರು ಹೇಳಿದರಮ್ಮ? ನಾವು ಹೋಗಿ ನೋಡಿಲ್ಲ, ಅಷ್ಟೆ. ದಸರೆಯ ರಜೆ ಬರಲಿ” ಎಂದರು.

ರಜೆ ಬಂದಿತು. ಉಪಾಧ್ಯಾಯರು, ಒಬ್ಬ ಉಪಾಧ್ಯಾಯಿನಿ, ಆರು ಮಂದಿ ವಿದ್ಯಾರ್ಥಿಗಳು ಹೊರಡುವುದೆಂದು ನಿಶ್ಚಯವಾಯಿತು. ಪ್ರಶ್ನೆ ಕೇಳಿದ ಬಾಲಕಿಗೆ ಸ್ವಂತ ಸೈಕಲ್ ಇರಲಿಲ್ಲ. ಸರ್ಕಾರವು 2006-07ರಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ಸೈಕಲ್ ಯೋಜನೆಯಲ್ಲಿ, ಎಂಟನೆಯ ತರಗತಿಯಲ್ಲಿದ್ದಾಗ ಅವಳ ಅಕ್ಕನಿಗೆ ಒಂದು ಸೈಕಲ್ ದೊರೆತಿತ್ತು. ಅದರ ಸರಪಳಿಗೆ ಎಣ್ಣೆ ಹಾಕಿ, ಬ್ರೇಕಿನ ರಬ್ಬರು ಬದಲಾಯಿಸಿ ಸಿದ್ಧಗೊಳಿಸಿದರು. ಗಾಳಿ ಹೊಡೆಯುವ ಪಂಪು, ಪಂಕ್ಚರು ಹಾಕುವ ಸಾಮಾನು, ನೀರಿನ ಸೀಸೆಗಳು, ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ - ಇಷ್ಟೇ ಅವರ ಗಂಟು. ಸಾಧ್ಯವಾದ ಮಟ್ಟಿಗೆ ಬಸ್ಸು ಲಾರಿಗಳ ರಸ್ತೆಯನ್ನು ಬಿಟ್ಟು, ಊರಿಂದೂರಿಗೆ ಹೋಗುವ ಒಳದಾರಿಗಳಲ್ಲಿಯೇ ಸಾಗತಕ್ಕದ್ದು ಎಂಬುದು ಪ್ರಯಾಣದ ಮೊದಲ ನಿಯಮವಾಗಿತ್ತು.

ಮೊದಲನೆಯ ದಿನ ಅವರು ನಾಗಲಮಡಿಕೆಗೆ ಬಂದರು. ಸುಬ್ರಹ್ಮಣ್ಯ ಸ್ವಾಮಿಯ ದೇವಾಲಯದಿಂದ ಹೆಸರಾದ ಈ ಊರು ಉತ್ತರ ಪಿನಾಕಿನಿಯ ದಡದಲ್ಲಿದೆ. ಹೊಳೆಯ ಪಾತ್ರ ವಿಶಾಲವಾಗಿತ್ತು; ಆದರೆ ಅಂದು ಅದರಲ್ಲಿ ಕಂಡುದು ಮರಳು ಮತ್ತು ಜಾಲಿಯ ಪೊದೆಗಳು. 2021ರ ನವೆಂಬರಿನ ಮಳೆಗೆ ಈ ನದಿಯು ತುಂಬಿ ಹರಿದುದನ್ನು ಕಂಡಿದ್ದ ಮಕ್ಕಳಿಗೆ ಇದು ಅದೇ ಹೊಳೆಯೇ ಎಂದು ಸಂದೇಹ ಬಂದಿತು.

ಉಪಾಧ್ಯಾಯರು ಮರಳಿನ ಮೇಲೆ ಕಡ್ಡಿಯಿಂದ ಗೆರೆಯೆಳೆದು ನದಿಯ ಹಾದಿಯನ್ನು ತೋರಿಸಿದರು. ಉತ್ತರ ಪಿನಾಕಿನಿ ಹುಟ್ಟುವುದು ನಂದಿಯ ಸೀಮೆಯ ಬೆಟ್ಟಗಳಲ್ಲಿ. ಅಲ್ಲಿ ಚಿಕ್ಕಬಳ್ಳಾಪುರದ ಸುತ್ತಮುತ್ತ ಚಪ್ಪರಗಳ ಮೇಲೆ ಹಬ್ಬಿಸಿದ ದ್ರಾಕ್ಷಿಯ ತೋಟಗಳಿವೆ. ಮೇಲೆ, 1791ರಲ್ಲಿ ಇಂಗ್ಲಿಷರ ಸೈನ್ಯವು ಮುತ್ತಿ ಹಿಡಿದ ನಂದಿದುರ್ಗವಿದೆ. ಮುಂದೆ ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಗೋಲೀಬಾರು ನಡೆಯಿತು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಬರುವ ಜಯಮಂಗಲಿಯು ಆಂಧ್ರದ ಗಡಿಯೊಳಗೆ ಇದನ್ನು ಕೂಡುತ್ತದೆ. ಪಾವಗಡದ ನೆಲವನ್ನು ದಾಟಿ ಮತ್ತೆ ಆಂಧ್ರಕ್ಕೆ ಹೋದ ಹೊಳೆಯು ಗಂಡಿಕೋಟದಲ್ಲಿ ಬಂಡೆಗಳನ್ನು ಕೊರೆದು, ಸುಮಾರು 597 ಕಿಲೋಮೀಟರು ಹರಿದು ನೆಲ್ಲೂರು ಜಿಲ್ಲೆಯಲ್ಲಿ ಸಮುದ್ರವನ್ನು ಸೇರುತ್ತದೆ.

“ಈಗ ಹೇಳಿ, ದ್ರಾಕ್ಷಿ ಎಲ್ಲಿದೆ, ಕೋಟೆ ಎಲ್ಲಿದೆ?” ಎಂದು ಅವರು ಕೇಳಿದರು.

“ನಮ್ಮ ಹೊಳೆಯಲ್ಲಿಯೇ ಇದೆ ಸಾರ್” ಎಂದು ಹುಡುಗರು ಕೂಗಿದರು. ಬಾಲಕಿ ಮಾತ್ರ ಮರಳನ್ನು ನೋಡುತ್ತ, “ನೀರೊಂದು ಇಲ್ಲ” ಎಂದಳು.

ಆ ರಾತ್ರಿ ಪಾವಗಡದಲ್ಲಿ ತಂಗಿದರು. ಊರಿನ ನೆತ್ತಿಯ ಮೇಲೆಯೇ ನಿಂತಿರುವ ಬೆಟ್ಟ, ಅದನ್ನು ಸುತ್ತಿ ಏರುವ ಕೋಟೆಯ ಗೋಡೆಗಳು ದೂರದಿಂದಲೇ ಕಾಣುತ್ತವೆ. ಹಳೆಗನ್ನಡದ ‘ಪಾವು’ ಎಂದರೆ ಹಾವು. ಕೋಟೆಯನ್ನು ಕಟ್ಟುವಾಗ ಹಾವಿನ ರೂಪವಿದ್ದ ಕಲ್ಲೊಂದು ದೊರೆತುದರಿಂದ ಊರಿಗೆ ಪಾವಗಡವೆಂಬ ಹೆಸರಾಯಿತೆಂದು ಹಿರಿಯರು ಹೇಳುತ್ತಾರೆ.

ಎರಡನೆಯ ದಿನದ ಪ್ರಯಾಣ ದೀರ್ಘವಾದುದು. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರದ ನೆಲವು ಬಳಸಿಕೊಂಡಿರುವುದರಿಂದ ನಡುವೆ ಸ್ವಲ್ಪ ದೂರ ಗಡಿಯಾಚೆಯೂ ಸಾಗಬೇಕಾಯಿತು. ಕೆರೆಯ ಏರಿಗಳು, ಹುಣಿಸೆಯ ಮರದ ಸಾಲುಗಳು, ಕಡಲೆಕಾಯಿ ಕೀಳುತ್ತಿದ್ದ ಹೊಲಗಳು ಒಂದರ ಹಿಂದೆ ಒಂದು ಬಂದವು. ಎದುರಿಗೆ ಬರುತ್ತಿದ್ದುದು ಕುರಿಮಂದೆ ಅಥವಾ ಅಪರೂಪಕ್ಕೊಂದು ಟ್ರಾಕ್ಟರು. ಬಸ್ಸಿನಲ್ಲಿ ಹೋಗುವಾಗ ಈ ಸೀಮೆಯೆಲ್ಲ ಒಂದೇ ಬಯಲೆಂದು ತಿಳಿದಿದ್ದ ಮಕ್ಕಳಿಗೆ ಈಗ ನೆಲದ ಏರಿಳಿತಗಳು ಮೊಣಕಾಲುಗಳ ಮೂಲಕವೇ ತಿಳಿದುಬಂದವು. ಎಲ್ಲಿ ಸೈಕಲ್ ತಾನಾಗಿಯೇ ಇಳಿಯುತ್ತಿತ್ತೋ ಅಲ್ಲಿ ಒಂದು ಹಳ್ಳವಿರುತ್ತಿತ್ತು. ಹಳ್ಳದ ಕೆಳಗೆ ಒಂದು ಕೆರೆಯಿರುತ್ತಿತ್ತು. ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕೆಂಬುದನ್ನು ಹಿಂದಿನವರು ಎಷ್ಟು ಸೂಕ್ಷ್ಮವಾಗಿ ಅರಿತಿದ್ದರೆಂಬುದು ಹೀಗೆ ಗೊತ್ತಾಯಿತು. ಹಲವು ಕಡೆ ಕೆರೆಗೆ ನೀರು ತರುವ ಕಾಲುವೆಗಳು ಹೂಳು ತುಂಬಿ, ಹೊಲಗಳಲ್ಲಿ ಸೇರಿಹೋಗಿದ್ದುದೂ ಕಂಡಿತು. ಮಧ್ಯಾಹ್ನಕ್ಕೆ ಮಿಡಿಗೇಶಿಯ ಕೋಟೆಬೆಟ್ಟದ ನೆರಳಿನಲ್ಲಿ ರೊಟ್ಟಿ ತಿಂದರು. ಸಂಜೆಯ ಹೊತ್ತಿಗೆ ಮಧುಗಿರಿಯ ಮಹಾಶಿಲೆಯು ಮೋಡದಂತೆ ಎದುರು ನಿಂತಿತು.

ಮಧುಗಿರಿಯ ಬೆಟ್ಟವು ಏಷ್ಯದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದು. ಎತ್ತರ 3,930 ಅಡಿ. ಮೂರನೆಯ ದಿನ ಬೆಳಗಿನ ತಂಪಿನಲ್ಲಿಯೇ ಮಕ್ಕಳು ಹತ್ತತೊಡಗಿದರು. ಬಾಗಿಲಾದ ಮೇಲೆ ಬಾಗಿಲು. ಮೇಲೆ ಹೋದಂತೆಲ್ಲ ಬರಿಯ ಬಂಡೆಯಲ್ಲಿ ಕಡಿದ ಕಾಲುಮೆಟ್ಟುಗಳು. ಪಾಳೆಯಗಾರರ ವಶದಲ್ಲಿದ್ದ ಈ ದುರ್ಗವನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು 1678ರಲ್ಲಿ ಗೆದ್ದುಕೊಂಡರು. 1763ರಲ್ಲಿ ಬಿದನೂರನ್ನು ಹಿಡಿದ ಹೈದರಾಲಿಯು ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಇಲ್ಲಿ ಸೆರೆಯಲ್ಲಿಟ್ಟನು. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತಾದರೂ ಪುಣೆಯ ದಾರಿಯಲ್ಲಿಯೇ ಆಕೆ ತೀರಿಕೊಂಡಳು.

“ರಿಚರ್ಡ್ ದೊರೆಯ ಕೋಟೆಯನ್ನು ನೋಡಲು ದೇಶ ದೇಶಗಳಿಂದ ಜನ ಬರುತ್ತಾರೆ. ವೀರಮ್ಮಾಜಿ ನಾಲ್ಕು ವರ್ಷ ಸೆರೆಯಲ್ಲಿದ್ದ ಊರು ಇದೆಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?” ಎಂದು ಉಪಾಧ್ಯಾಯಿನಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುವ ದೊಣೆಗಳಿದ್ದವು. ಸುತ್ತ ಒಂದು ಹಿಡಿ ಮಣ್ಣೂ ಇಲ್ಲದ ಕಲ್ಲಿನ ಮೇಲೆ ನೀರು ನಿಂತಿತ್ತು. ಅಷ್ಟು ಎತ್ತರದಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ. ಶತ್ರುಗಳು ತಿಂಗಳುಗಟ್ಟಲೆ ಕೆಳಗೆ ಮುತ್ತಿಗೆ ಹಾಕಿ ಕುಳಿತಾಗ ಮೇಲಿದ್ದವರನ್ನು ಉಳಿಸುತ್ತಿದ್ದುದು ಗೋಡೆಗಿಂತ ಹೆಚ್ಚಾಗಿ ಈ ದೊಣೆಗಳೇ. ಬಾಲಕಿಯು ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತಿದ್ದಳು.

ನಾಲ್ಕನೆಯ ದಿನ ಮೈದೇನಹಳ್ಳಿಯ ಹುಲ್ಲುಗಾವಲಿಗೆ ಹೋದರು. 2007ರಲ್ಲಿ ಸರ್ಕಾರವು ಇಲ್ಲಿನ 798 ಎಕರೆ ಪ್ರದೇಶವನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಸೈಕಲ್‌ಗಳನ್ನು ಹೊರಗೆ ನಿಲ್ಲಿಸಿ ಸದ್ದಿಲ್ಲದೆ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಕೃಷ್ಣಮೃಗಗಳ ಹಿಂಡೊಂದು ಹುಲ್ಲಿನ ನಡುವೆ ತಲೆಯೆತ್ತಿ, ಅನಂತರ ಬಯಲನ್ನು ನೆಗೆನೆಗೆದು ದಾಟಿಹೋಯಿತು. ಆ ಹಿಂಡನ್ನು ನೋಡಿದವರಿಗೆ ಐವತ್ತು ಕಿಲೋಮೀಟರಿನ ಆಯಾಸ ನೆನಪಿಗೆ ಬರಲಿಲ್ಲ.

ಐದನೆಯ ದಿನ ಸಂಜೆ ಊರಿನ ಸಮೀಪಕ್ಕೆ ಬರುತ್ತಿದ್ದಂತೆ ದಿಗಂತವೆಲ್ಲ ನೀಲಿಯಾಗಿ ಮಿನುಗಿತು. ಹೊರಗಿನವರು ಕಂಡರೆ ಸರೋವರವೆಂದು ಭ್ರಮಿಸಬಹುದು. ಅದು ಸೌರಶಕ್ತಿಯ ಉದ್ಯಾನ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು - ಈ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಸ್ಥಾಪಿತವಾದ ‘ಶಕ್ತಿ ಸ್ಥಳ’ವು 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟನ್ನು ಮುಟ್ಟಿತು. ಡ್ಯಾನ್ಯೂಬ್ ಕಣಿವೆಯ ರೈತರು ಬಿಸಿಲನ್ನು ಹಿಡಿಯಲು ಇಳಿಜಾರಿನಲ್ಲಿ ದ್ರಾಕ್ಷಿಯ ಸಾಲು ನೆಡುತ್ತಾರೆ. ಇಲ್ಲಿ ಅದೇ ಬಿಸಿಲಿಗೆ ಮೈಯೊಡ್ಡಿ ಗಾಜಿನ ಫಲಕಗಳು ಸಾಲುಸಾಲಾಗಿ ನಿಂತಿವೆ.

ಬಾಲಕಿಯ ತಾತ ಊರ ಬಾಗಿಲಲ್ಲಿಯೇ ಕಾದು ಕುಳಿತಿದ್ದರು. ಅವರ ಹೊಲವೂ ಆ ನೀಲಿಯೊಳಗೆ ಸೇರಿತ್ತು. ರೈತರಿಂದ ನೆಲವನ್ನು ಕೊಂಡುಕೊಳ್ಳದೆ 28 ವರ್ಷಗಳ ಗುತ್ತಿಗೆಗೆ ಪಡೆಯಲಾಗಿತ್ತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ ಎಂಬುದು ಕರಾರು.

“ಏನೇನು ನೋಡಿ ಬಂದೆ ಮಗ?” ಎಂದು ತಾತ ಕೇಳಿದರು.

“ಹೊಳೆ ನೋಡಿದೆ ತಾತ, ಕೋಟೆ ನೋಡಿದೆ. ಹೊಳೆಯಲ್ಲಿ ನೀರಿಲ್ಲ; ಬಂಡೆಯ ಮೇಲಿದೆ” ಎಂದಳು ಮೊಮ್ಮಗಳು.

ತಾತ ನಕ್ಕರು. ಆಮೇಲೆ ಫಲಕಗಳ ಕಡೆ ಕೈತೋರಿಸಿ ಹೇಳಿದರು: “ಮಳೆ ಬಂದರೂ ಬರದಿದ್ದರೂ ನನಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ ಕಣಮ್ಮ. ಸಾಲಗಾರರ ಭಯವಿಲ್ಲ. ಸುಳ್ಳು ಹೇಳಬಾರದು. ಆದರೆ ಹೊಲವಿದ್ದವನಿಗೆ ಗುತ್ತಿಗೆ. ನಮ್ಮ ಹೊಲದಲ್ಲಿ ಕಳೆ ತೆಗೆದು ಬದುಕುತ್ತಿದ್ದವರಿಗೆ ಏನು ಬಂತು? ಅವರಲ್ಲಿ ಎಷ್ಟೋ ಮಂದಿ ಊರು ಬಿಟ್ಟರು. ಗುತ್ತಿಗೆ ಮುಗಿದ ದಿನ ನೆಲ ನಿಮ್ಮ ಕೈಗೆ ಬರುತ್ತದೆ. ಆಗ ನಾನಿರುವುದಿಲ್ಲ. ಅಷ್ಟು ಹೊತ್ತಿಗೆ ಕೆರೆಗೆ ನೀರು ಬರುವ ದಾರಿ ಉಳಿದಿದ್ದರೆ ನೀವು ಬೇಸಾಯ ಮಾಡುತ್ತೀರಿ. ದಾರಿಯೇ ಮುಚ್ಚಿದ್ದರೆ ಬರಿಯ ನೆಲವನ್ನು ಇಟ್ಟುಕೊಂಡು ಏನು ಮಾಡುತ್ತೀರಿ?”

ಈ ಮಾತನ್ನು ಎಲ್ಲರೂ ನಿಂತು ಕೇಳಿದರು. ಕುದುರೆಗಳ ಕಾಲ ಮುಗಿದ ಮೇಲೂ ಡ್ಯಾನ್ಯೂಬಿನ ಜನ ದಡದ ದಾರಿಯನ್ನು ಮುಚ್ಚಲಿಲ್ಲ. ಆದುದರಿಂದ ಅದು ಮತ್ತೊಂದು ಕಾಲಕ್ಕೆ ಒದಗಿತು. ಇಂದು ಬೇಡವೆಂದು ತೋರುವ ಹಳೆಯ ದಾರಿಯನ್ನು ಉಳಿಸಿಕೊಳ್ಳುವುದು ನಾಳೆ ಬರುವವರಿಗೆ ಮಾಡುವ ಉಪಕಾರ. ಬಂಡಿಯ ದಾರಿಗೆ ಸಲ್ಲುವ ಈ ಮಾತು ನೀರಿನ ದಾರಿಗೂ ಸಲ್ಲುತ್ತದೆ.

ಮುಂದಿನ ಭಾನುವಾರ ಆ ಆರು ಮಂದಿ ಮತ್ತೆ ಸೈಕಲ್ ಹತ್ತಿದರು. ಈ ಸಲ ದೂರ ಹೋಗಲಿಲ್ಲ. ಊರ ಕೆರೆಯ ಏರಿಯಿಂದ ಹೊರಟು, ನೀರು ಬರುವ ಕಾಲುವೆಯ ಜಾಡನ್ನು ಹಿಡಿದು ಮೇಲಕ್ಕೆ ಸಾಗಿದರು. ಎರಡು ಕಡೆ ಜಾಲಿ ಬೆಳೆದು ದಾರಿ ಕಟ್ಟಿತ್ತು. ಒಂದು ಕಡೆ ಯಾರೋ ಮಣ್ಣು ಸುರಿದಿದ್ದರು. ಬಾಲಕಿಯು ಪುಸ್ತಕವನ್ನು ತೆರೆದು ಆ ಮೂರು ಸ್ಥಳಗಳನ್ನು ನಕ್ಷೆಯಲ್ಲಿ ಗುರುತು ಹಾಕಿದಳು. ಮರುದಿನ ಅದನ್ನು ಗ್ರಾಮ ಪಂಚಾಯಿತಿಗೆ ಕೊಡುವುದೆಂದು ಅವರು ನಿಶ್ಚಯಿಸಿದರು.