ಬತ್ತದ ಬೀಜಕ್ಕೆ ಉಪ್ಪುನೀರಿನ ಪರೀಕ್ಷೆ

ಬಿತ್ತನೆಯ ಬತ್ತದಲ್ಲಿ ಜೊಳ್ಳೂ ಅರೆಜೊಳ್ಳೂ ಬೆರೆತಿರುವುದು ಸಾಮಾನ್ಯ. ಜೊಳ್ಳನ್ನು ಗಾಳಿಗೆ ತೂರಿ, ಬರಿಯ ನೀರಿನಲ್ಲಿ ತೇಲಿಸಿ ತೆಗೆಯಬಹುದು. ಅರೆಜೊಳ್ಳಾದರೋ ಗಟ್ಟಿಕಾಳಿನೊಡನೆ ಮುಳುಗಿ, ಮಡಿಯಲ್ಲಿ ಬಡಕಲು ಸಸಿಯಾಗುವುದು. ಇದನ್ನು ಬೇರ್ಪಡಿಸಲು ನೀರಿಗೆ ಉಪ್ಪು ಬೆರೆಸುವ ಕ್ರಮವನ್ನು ಜಪಾನಿನ ಯೊಕೊಯಿ ಎಂಬ ಕೃಷಿಪಂಡಿತರು 1882ರಲ್ಲಿ ತೋರಿಸಿಕೊಟ್ಟರು. ಗ್ರಂಥಗಳಲ್ಲಿ ಇದು 1.13ರ ಸಾಂದ್ರತೆಯೆಂದೂ, ಅದನ್ನಳೆಯಲು ಗಾಜಿನ ಮಾಪಕ ಬೇಕೆಂದೂ ವಿವರಿಸಲ್ಪಟ್ಟಿರುವುದು. ಆ ಮಾಪಕ ಎಷ್ಟು ಮನೆಗಳಲ್ಲುಂಟು? ಕೋಳಿಮೊಟ್ಟೆಯಾದರೆ ಯಾವ ಊರಿನಲ್ಲಿಯೂ ದೊರೆಯುವುದು.

10 ಲೀಟರು ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪನ್ನು ಕದಡಿ ಮೊಟ್ಟೆಯನ್ನು ಬಿಡತಕ್ಕದ್ದು. ಅದು ತೇಲಿ, ನಾಣ್ಯದಗಲದಷ್ಟು ಭಾಗ ನೀರಿನ ಮೇಲೆ ಕಾಣುವವರೆಗೆ ಉಪ್ಪು ಸೇರಿಸಬೇಕು. ಹಳೆಯ ಮೊಟ್ಟೆ ಬರಿಯ ನೀರಿನಲ್ಲಿಯೇ ತೇಲಿ ಮೋಸಮಾಡೀತು. ಆದಕಾರಣ ಮೊದಲು ಸಿಹಿನೀರಿನಲ್ಲಿ ಮುಳುಗುವುದೇ ಎಂದು ನೋಡುವುದು ಯುಕ್ತ. ಬಳಿಕ ಬೀಜವನ್ನು ಸ್ವಲ್ಪಸ್ವಲ್ಪವಾಗಿ ಸುರಿದು ಕಲಕಿ, ತೇಲಿದ್ದನ್ನೆಲ್ಲ ಮನಸ್ಸು ಗಟ್ಟಿಮಾಡಿ ತೆಗೆಯತಕ್ಕದ್ದು. ಇಷ್ಟು ಬೀಜ ವ್ಯರ್ಥವಾಯಿತಲ್ಲಾ ಎಂದು ಕೆಲವು ಯಜಮಾನರು ಅದನ್ನೇ ಪುನಃ ಬೆರೆಸುವುದುಂಟು. ಹಾಗಾದರೆ ಉಪ್ಪಿನ ಖರ್ಚೂ ದಂಡ.

ಮುಳುಗಿದ ಕಾಳನ್ನು ತಡಮಾಡದೆ ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ಉಪ್ಪು ನಿಂತರೆ ಮೊಳಕೆಗೆ ಹಾನಿ. ಒಂದೇ ಉಪ್ಪುನೀರು ಹಲವು ಮನೆಗಳ ಬೀಜಕ್ಕೆ ಒದಗುವುದರಿಂದ, ಗ್ರಾಮದ ಮುಖಂಡರು ತಮ್ಮ ಅಂಗಳದಲ್ಲಿ ದೊಡ್ಡದೊಂದು ಬಾನಿಯನ್ನು ಇಡಿಸಬಹುದು. ಮೊಟ್ಟೆ ತಗ್ಗಿದಾಗಲೆಲ್ಲ ಉಪ್ಪು ಕೂಡಿಸಿದರೆ ಸಾಕು. ಕೆಲಸ ತೀರಿದ ಮೇಲೆ ಆ ನೀರನ್ನು ಗದ್ದೆಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲಕೂಡದು.